ಷೇರನ್ನು ಗುತ್ತಿಗೆಗೆ ಕೊಡಬಹುದಾ?

ಪ್ರಶ್ನೆ: ನಾನು ಸಿರುಗುಪ್ಪದ ನಿವೃತ್ತ ಶಿಕ್ಷಕಿ. ವಯಸ್ಸು 63. ನಮ್ಮ ಯಜಮಾನರು 2019-20ರಲ್ಲಿ ಒಂದು ಉಕ್ಕಿನ ಕಂಪನಿಯ 2,000 ಷೇರು ಕೊಂಡಿದ್ದರು, ಸರಾಸರಿ 110 ರೂಪಾಯಿಯಂತೆ. ಈಗ ಬೆಲೆ 400ರ ಆಸುಪಾಸಿನಲ್ಲಿದೆ. ಅವರು ತೀರಿಕೊಂಡು ಎರಡು ವರ್ಷವಾಯಿತು. ಷೇರುಗಳು ನನ್ನ ಹೆಸರಿಗೆ ಬಂದಿವೆ. ಅವರ ನೆನಪು ಅಂತ ಇಟ್ಟುಕೊಂಡಿದ್ದೇನೆ, ಮಾರುವ ಮನಸ್ಸಿಲ್ಲ. ಪಿಂಚಣಿ ಬರುತ್ತದೆ, ಆದರೆ ತಿಂಗಳಿಗೆ ಇನ್ನೊಂದು ಹತ್ತು ಸಾವಿರ ಬಂದರೆ ಅನುಕೂಲ. ನನ್ನ ಅಕ್ಕನ ಮಗ, "ಕವರ್ಡ್ ಕಾಲ್ ಮಾಡೋಣ ಚಿಕ್ಕಮ್ಮ, ಹೊಲ ಗುತ್ತಿಗೆಗೆ ಕೊಟ್ಟಂಗೆ. ಷೇರು ನಿಮ್ಮವೇ ಇರ್ತಾವೆ, ತಿಂಗಳಾ ಬಾಡಿಗೆ ಬರುತ್ತೆ. ಎರಡು ಲಾಟ್ ಮಾರಿದರೆ 24 ಸಾವಿರ" ಎನ್ನುತ್ತಾನೆ. ಒಂದು ಲಾಟ್ ಅಂದರೆ 1,500 ಷೇರಂತೆ. ಖಾತೆಯಲ್ಲಿ ಎಫ್ ಅಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರ) ಶುರು ಮಾಡಲು ಅರ್ಜಿಯನ್ನೂ ತುಂಬಿಸಿದ್ದಾನೆ. ಹೂಂ ಅನ್ನಲಾ?

ಉತ್ತರ: ಮೇಡಂ, ಮೊದಲು ಅವಸರದ ಮಾತು ಹೇಳಿಬಿಡುತ್ತೇನೆ. ಎರಡು ಲಾಟ್ ಬೇಡವೇ ಬೇಡ. ಎರಡು ಲಾಟ್ ಅಂದರೆ 3,000 ಷೇರು. ನಿಮ್ಮ ಹತ್ತಿರ ಇರುವುದು 2,000. ಉಳಿದ 1,000 ಷೇರನ್ನು ಕೈಯಲ್ಲಿ ಇಲ್ಲದೆಯೇ "ಕೊಡುತ್ತೇನೆ" ಎಂದು ಮಾತು ಕೊಟ್ಟಂತಾಗುತ್ತದೆ. ಎಷ್ಟು ನಷ್ಟವಾಗಬಹುದು ಅನ್ನುವುದಕ್ಕೆ ಅಲ್ಲಿ ಮಿತಿಯೇ ಇಲ್ಲ.

ಒಂದು ಲಾಟ್ ಮಾರಬಹುದಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. "ಮಾರುವ ಮನಸ್ಸಿಲ್ಲ" ಎಂದು ಬರೆದಿದ್ದೀರಿ. ಹಾಗಿದ್ದರೆ ಒಂದು ಲಾಟ್ ಕೂಡ ಬೇಡ ಅನ್ನುವುದು ನನ್ನ ಅಭಿಪ್ರಾಯ. ಆದರೆ ಸುಮ್ನೆ ಬೇಡ ಅಂದರೆ ನಿಮ್ಮ ಅಕ್ಕನ ಮಗನಿಗೂ ಸಮಾಧಾನವಾಗುವುದಿಲ್ಲ, ನಿಮಗೂ ಆಗುವುದಿಲ್ಲ. ಆದ್ದರಿಂದ ಇದು ಹೇಗೆ ನಡೆಯುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ನಿಮ್ಮ ಊರಿನ ಭತ್ತದಿಂದಲೇ ಶುರು ಮಾಡೋಣ.

ಒಬ್ಬ ರೈತರ ಮನೆಯಲ್ಲಿ 200 ಚೀಲ ಭತ್ತ ಇದೆ ಅಂದುಕೊಳ್ಳಿ. 75 ಕೆಜಿ ಚೀಲಕ್ಕೆ ಇವತ್ತಿನ ಧಾರಣೆ 1,800 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ಮಿಲ್ಲಿನವರು ಬಂದು ಹೀಗೆ ಹೇಳುತ್ತಾರೆ: "ತಿಂಗಳ ಕೊನೆಗೆ 1,900ರಂತೆ ಈ ಚೀಲಗಳನ್ನು ಒಯ್ಯುವ ಹಕ್ಕು ನನಗೆ ಕೊಡಿ. ಒಯ್ಯಲೇಬೇಕು ಅಂತೇನಿಲ್ಲ, ಅದು ನನ್ನ ಇಷ್ಟ. ಆದರೆ ನಾನು ಕೇಳಿದರೆ ನೀವು ಕೊಡಲೇಬೇಕು. ಈ ಮಾತಿಗಾಗಿ ಈಗಲೇ ಚೀಲಕ್ಕೆ 40 ರೂಪಾಯಿ ಕೊಡುತ್ತೇನೆ. ಒಯ್ದರೂ ಒಯ್ಯದಿದ್ದರೂ ಆ 40 ನಿಮ್ಮದೇ." ರೈತರು 8,000 ರೂಪಾಯಿ ಎಣಿಸಿಕೊಳ್ಳುತ್ತಾರೆ.

ತಿಂಗಳ ಕೊನೆಗೆ ಧಾರಣೆ 2,100 ಆಯಿತು. ಮಿಲ್ಲಿನವರು ತಪ್ಪದೆ ಬಂದು 1,900ಕ್ಕೇ ಒಯ್ಯುತ್ತಾರೆ. ಧಾರಣೆ 1,600ಕ್ಕೆ ಇಳಿಯಿತು. ಆಗ ಅವರು ಈ ಕಡೆ ತಲೆ ಹಾಕುವುದಿಲ್ಲ. ರೈತರ ಕೈಯಲ್ಲಿ 40 ರೂಪಾಯಿ ಉಳಿಯಿತು, ಆದರೆ ಚೀಲವೊಂದಕ್ಕೆ 200 ರೂಪಾಯಿ ಬೆಲೆ ಹೋಯಿತು. ಇಷ್ಟೇ ಮೇಡಂ. ಮಿಲ್ಲಿನವರು ಕೊಂಡದ್ದು ಕಾಲ್ ಆಪ್ಷನ್. ಆ 40 ರೂಪಾಯಿ ಪ್ರೀಮಿಯಂ. 1,900 ಅನ್ನುವುದು ಸ್ಟ್ರೈಕ್ ಬೆಲೆ. ತಿಂಗಳ ಕೊನೆಯ ದಿನ ಎಕ್ಸ್‌ಪೈರಿ. ಮನೆಯಲ್ಲಿ ಭತ್ತ ಇಟ್ಟುಕೊಂಡು ಮಾತು ಕೊಟ್ಟ ರೈತರು ಮಾಡಿದ್ದು ಕವರ್ಡ್ ಕಾಲ್. ಒಂದು ಚೀಲವೂ ಇಲ್ಲದ ದಲ್ಲಾಳಿಯೊಬ್ಬರು ಇದೇ 40 ರೂಪಾಯಿ ಆಸೆಗೆ ಇದೇ ಮಾತು ಕೊಟ್ಟಿದ್ದರೆ, ಅದು ಬರಿಗೈ ಕಾಲ್. 2,100ಕ್ಕೆ ಕೊಂಡು 1,900ಕ್ಕೆ ಕೊಡಬೇಕಾಗುತ್ತದೆ. ಎರಡನೇ ಲಾಟ್ ಮಾರಿದರೆ ನೀವು ಬಹುಮಟ್ಟಿಗೆ ಆ ದಲ್ಲಾಳಿಯ ಜಾಗದಲ್ಲಿ ನಿಲ್ಲುತ್ತೀರಿ.

ಜಮೀನು ಕೊಳ್ಳುವಾಗ ಕೊಡುವ ಸಂಚಕಾರವೂ ಹೀಗೇ ಅಲ್ವಾ ಎಂದು ಹಲವರು ಕೇಳುತ್ತಾರೆ. ಹತ್ತಿರದ್ದೇ, ಆದರೆ ಒಂದು ವ್ಯತ್ಯಾಸವಿದೆ. ಸಂಚಕಾರದ ಹಣ ಕೊನೆಗೆ ಜಮೀನಿನ ಬೆಲೆಯಲ್ಲಿ ಮುರಿದುಕೊಳ್ಳುತ್ತದೆ. ಪ್ರೀಮಿಯಂ ಮುರಿದುಕೊಳ್ಳುವುದಿಲ್ಲ. ಅದು ಹಕ್ಕಿನ ಬೆಲೆ, ಮಾಲಿನ ಬೆಲೆ ಬೇರೆ.

ನಮ್ಮ ಭಾಗದ ಅಡತಿ ಅಂಗಡಿಗಳಲ್ಲಿ ಧಾರಣೆ ಏರಿದರೆ ತೇಜಿ, ಇಳಿದರೆ ಮಂದಿ ಅನ್ನುತ್ತಾರೆ. ಹಳೆಯ ಮುಂಬಯಿ ಷೇರುಪೇಟೆಯಲ್ಲಿ ಆಪ್ಷನ್ನಿಗೂ ಇದೇ ಹೆಸರು. ಕಾಲ್ ಅಂದರೆ ತೇಜಿ. ಪುಟ್, ಅಂದರೆ ಗೊತ್ತು ಮಾಡಿದ ಬೆಲೆಗೆ ಮಾರುವ ಹಕ್ಕು, ಮಂದಿ. ಷೇರುಗಳ ಮೇಲಿನ ಈ ತೇಜಿ-ಮಂದಿ ವ್ಯವಹಾರವನ್ನು 1956ರ ಕಾನೂನು ನಿಷೇಧಿಸಿತ್ತು. ಆ ನಿಷೇಧ ಹೋದದ್ದು 1995ರಲ್ಲಿ. ಅಷ್ಟರಲ್ಲಿ ಅಮೆರಿಕದ ಶಿಕಾಗೋದಲ್ಲಿ 1973ರಲ್ಲೇ ಆಪ್ಷನ್‌ಗೆಂದೇ ಒಂದು ಪೇಟೆ ತೆರೆದಿತ್ತು. ಶುರುವಿನಲ್ಲಿ ಬರೀ 16 ಕಂಪನಿ, ಅದೂ ಕಾಲ್ ಮಾತ್ರ. ನಮ್ಮ ರಾಷ್ಟ್ರೀಯ ಷೇರುಪೇಟೆ ಎನ್‌ಎಸ್‌ಇಯಲ್ಲಿ ಕಂಪನಿ ಷೇರುಗಳ ಆಪ್ಷನ್ ಬಂದದ್ದು 2001ರ ಜುಲೈನಲ್ಲಿ. ಅಂದರೆ ಇದರಲ್ಲಿ ಹೊಸ ವಿದ್ಯೆ ಏನೂ ಇಲ್ಲ. ಮೊಬೈಲಿನಲ್ಲಿ ಬಂದಿದೆ ಅನ್ನುವುದಷ್ಟೇ ಹೊಸದು.

ಈಗ ನಿಮ್ಮ ಷೇರಿಗೆ ಬರೋಣ. ಅಕ್ಕನ ಮಗನ ಲೆಕ್ಕದಲ್ಲಿ ಎರಡು ಲಾಟಿಗೆ 24,000, ಅಂದರೆ ಒಂದಕ್ಕೆ 12,000, ಷೇರಿಗೆ 8 ರೂಪಾಯಿ. ಸ್ಟ್ರೈಕ್ ಬೆಲೆ ನೀವು ಬರೆದಿಲ್ಲ, 420 ಎಂದು ಇಟ್ಟುಕೊಳ್ಳುತ್ತೇನೆ. ಒಂದೇ ಲಾಟ್, 1,500 ಷೇರು. ಇವತ್ತಿನ ಬೆಲೆ 400.

ತಿಂಗಳ ಕೊನೆಗೆ ಷೇರು 400ರಲ್ಲೇ ನಿಂತರೆ ನಿಮಗೆ 12,000 ಪೂರ್ತಿ ಲಾಭ. 410ಕ್ಕೆ ಹೋದರೂ ಚಿಂತೆಯಿಲ್ಲ, ಏರಿದ 15,000ವೂ ನಿಮ್ಮದು, 12,000ವೂ ನಿಮ್ಮದು. ಹೀಗೆ ಷೇರು ಇದ್ದಲ್ಲೇ ಕುಳಿತಿರುವ ಅಥವಾ ನಿಧಾನಕ್ಕೆ ಏರುವ ತಿಂಗಳುಗಳಲ್ಲಿ ಕವರ್ಡ್ ಕಾಲ್ ಚೆನ್ನಾಗಿಯೇ ನಡೆಯುತ್ತದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಅಂಥ ನಾಲ್ಕು ತಿಂಗಳು ಒಟ್ಟಿಗೆ ಬಂದರೆ "ಬಾಡಿಗೆ" ಅನ್ನುವ ಮಾತು ನಿಜವೇ ಅನ್ನಿಸುತ್ತದೆ.

ಷೇರು 470ಕ್ಕೆ ಹೋಯಿತು ಅನ್ನಿ. ಕಾಲ್ ಮಾರದೇ ಇದ್ದಿದ್ದರೆ ಈ 1,500 ಷೇರಿನ ಬೆಲೆ 1,05,000 ಏರುತ್ತಿತ್ತು. ಕಾಲ್ ಮಾರಿದ್ದರಿಂದ 420ರವರೆಗಿನ 20 ರೂಪಾಯಿ, ಪ್ರೀಮಿಯಂ 8, ಒಟ್ಟು 28 ರೂಪಾಯಿ ಮಾತ್ರ ನಿಮ್ಮದು. ಅಂದರೆ 42,000. ಉಳಿದ 63,000 ಕಾಲ್ ಕೊಂಡವರ ಪಾಲು. ಇನ್ನು 500ಕ್ಕೆ ಹೋಗಲಿ, 600ಕ್ಕೆ ಹೋಗಲಿ, ಈ 1,500 ಷೇರಿನ ಮೇಲೆ ನಿಮ್ಮ ಲಾಭ ಅದೇ 42,000.

ಈಗ ಇಳಿಯುವ ಕಡೆ ನೋಡಿ. ಷೇರು 340ಕ್ಕೆ ಬಿದ್ದರೆ 90,000 ಹೋಯಿತು. ಪ್ರೀಮಿಯಂ 12,000 ಕಳೆದರೂ 78,000 ನಷ್ಟ. 392ರವರೆಗೆ ಮಾತ್ರ ಪ್ರೀಮಿಯಂ ನಿಮ್ಮನ್ನು ಕಾಯುತ್ತದೆ. ಅದರ ಕೆಳಗೆ ಬೀಳುವ ಪ್ರತಿ ರೂಪಾಯಿಯೂ ನಿಮ್ಮದೇ.

ಹೊಲದ ಗುತ್ತಿಗೆಗೆ ಇದನ್ನು ಹೋಲಿಸುವುದು ಏಕೆ ತಪ್ಪು ಅನ್ನುವುದು ಇಲ್ಲಿಯೇ ಕಾಣುತ್ತದೆ. ಗುತ್ತಿಗೆ ಮುಗಿದ ಮೇಲೆ ಹೊಲ ನಿಮಗೇ ವಾಪಸ್ ಬರುತ್ತದೆ. ಗುತ್ತಿಗೆ ಕೊಟ್ಟ ವರ್ಷವೇ ಪಕ್ಕದಲ್ಲಿ ಹೊಸ ರಸ್ತೆ ಬಂದು ಎಕರೆಯ ಬೆಲೆ ದುಪ್ಪಟ್ಟಾದರೆ, ಆ ಏರಿಕೆ ಪೂರಾ ನಿಮ್ಮದು, ಗುತ್ತಿಗೆದಾರನದ್ದಲ್ಲ. ಕವರ್ಡ್ ಕಾಲ್‌ನಲ್ಲಿ ನೀವು ಮಾರುವುದೇ ಆ ಏರಿಕೆಯನ್ನು. ಆ 12,000 ಬಾಡಿಗೆ ಹಣವಲ್ಲ. ನಿಮ್ಮ ಯಜಮಾನರ ಷೇರು ಜೋರಾಗಿ ಏರಿದರೆ ಬರಬಹುದಾದ ಹಣವನ್ನು ಇವತ್ತೇ ಕಡಿಮೆ ಬೆಲೆಗೆ ಬಿಟ್ಟುಕೊಟ್ಟದ್ದಕ್ಕೆ ಸಿಕ್ಕ ಮೊತ್ತ ಅದು. "ತಿಂಗಳಿಗೆ ಶೇ 2, ವರ್ಷಕ್ಕೆ ಶೇ 24" ಎಂದು ಯಾರಾದರೂ ಹೇಳಿದರೆ, ಅವರು ಬಿಟ್ಟುಕೊಟ್ಟ ಏರಿಕೆಯನ್ನೂ ಬಿದ್ದ ನಷ್ಟವನ್ನೂ ಎಣಿಸಿರುವುದಿಲ್ಲ.

ಎರಡು ಲಾಟ್ ಮಾರಿದ್ದರೆ ಏನಾಗುತ್ತಿತ್ತು? ಷೇರು 520ಕ್ಕೆ ಹೋಯಿತು ಅನ್ನಿ. ನಿಮ್ಮ 2,000 ಷೇರಿನ ಬೆಲೆ 2,40,000 ಏರಿತು. ಮಾರಿದ 3,000 ಕಾಲ್ ಮೇಲೆ ಷೇರಿಗೆ 100 ರೂಪಾಯಿ ಕೊಡಬೇಕು, ಬಂದದ್ದು 8, ಅಂದರೆ 2,76,000 ನಷ್ಟ. ಷೇರು ಶೇ 30ರಷ್ಟು ಏರಿದ ತಿಂಗಳಲ್ಲಿ ನೀವು 36,000 ಕಳೆದುಕೊಂಡಿರುತ್ತೀರಿ. ಈ ಒಂದು ಲೆಕ್ಕವನ್ನು ಅಕ್ಕನ ಮಗನ ಮುಂದೆ ಕಾಗದದ ಮೇಲೆ ಬರೆದು ತೋರಿಸಿ. ಅವನು ಕೆಟ್ಟ ಉದ್ದೇಶದಿಂದ ಹೇಳಿದ್ದಾನೆ ಎಂದು ನನಗೆ ಅನ್ನಿಸುವುದಿಲ್ಲ. ಬಹುಶಃ ಲಾಟ್ ಲೆಕ್ಕ ಮಾಡಿಲ್ಲ.

ಇನ್ನು ಆ 8 ರೂಪಾಯಿ ಎಲ್ಲಿಂದ ಬಂತು? ಸ್ಟ್ರೈಕ್ ಎಷ್ಟು ದೂರ, ಎಕ್ಸ್‌ಪೈರಿಗೆ ಎಷ್ಟು ದಿನ, ಷೇರು ಎಷ್ಟು ಜಿಗಿದಾಡುತ್ತದೆ, ಮುಖ್ಯವಾಗಿ ಈ ಮೂರರ ಮೇಲೆ ಅದು ನಿಂತಿದೆ. ಮೊದಲೆರಡು ಸುಲಭ. 420ರ ಕಾಲ್‌ಗಿಂತ 450ರ ಕಾಲ್ ಅಗ್ಗ, ಯಾಕೆಂದರೆ ಅಲ್ಲಿಗೆ ಮುಟ್ಟುವುದು ಕಷ್ಟ. ದಿನ ಕಳೆದಂತೆ ಪ್ರೀಮಿಯಂ ಕರಗುತ್ತದೆ, ಕೊನೆಯ ವಾರದಲ್ಲಿ ಬೇಗ ಬೇಗ ಕರಗುತ್ತದೆ. ಕಾಲ್ ಮಾರಿದವರಿಗೆ ಇದೇ ಅನುಕೂಲ.

ಮೂರನೆಯದು ನಿಮಗೆ ಬೇಗ ಅರ್ಥವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದದ್ದು ನೆನಪಿದೆಯಲ್ಲ? ಸುಮಾರು ಒಂದು ವಾರದ ಮೇಲೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸುವವರೆಗೆ ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ರೈತರಿಗೆ ನಿದ್ದೆ ಇರಲಿಲ್ಲ. ಬೆಳೆಗೆ ನೀರು ಸಿಗುತ್ತದಾ ಇಲ್ಲವಾ ಗೊತ್ತಿಲ್ಲ. ಆ ವಾರ ಯಾರಾದರೂ ಮನೆಗೆ ಬಂದು "ತಿಂಗಳ ಕೊನೆಗೆ 1,900ಕ್ಕೆ ಕೊಡುತ್ತೇನೆ ಅಂತ ಮಾತು ಕೊಡಿ" ಎಂದರೆ, 40 ರೂಪಾಯಿಗೆ ಯಾರು ಒಪ್ಪುತ್ತಾರೆ? ನೂರು ಕೇಳುತ್ತಾರೆ. ಮುಂದೇನು ಅನ್ನುವುದು ಗೊತ್ತಿಲ್ಲದಿದ್ದಷ್ಟೂ ಪ್ರೀಮಿಯಂ ಜಾಸ್ತಿ. ಆದ್ದರಿಂದ ಒಂದು ಷೇರಿನ ಕಾಲ್‌ಗೆ ಇದ್ದಕ್ಕಿದ್ದಂತೆ ದಪ್ಪ ಪ್ರೀಮಿಯಂ ಸಿಗುತ್ತಿದೆ ಅಂದರೆ ಖುಷಿ ಪಡುವ ಮೊದಲು ಕಾರಣ ಹುಡುಕಬೇಕು. ಪೇಟೆಗೆ ಏನೋ ಭಯ ಅಥವಾ ನಿರೀಕ್ಷೆ ಇರುತ್ತದೆ. ಬಜೆಟ್, ಕಂಪನಿಯ ಫಲಿತಾಂಶ, ನ್ಯಾಯಾಲಯದ ತೀರ್ಪು, ಹೀಗೆ.

ಉಕ್ಕಿನ ಷೇರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ದೋಣಿಮಲೈ ಗಣಿಯನ್ನೂ ತೋರಣಗಲ್ಲಿನ ಕುಲುಮೆಯನ್ನೂ ದಿನಾ ನೋಡುವ ಜನ ನಾವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತದ್ದನ್ನು ಕಂಡಿದ್ದೇವೆ. 2022ರ ಮೇ 21, ಶನಿವಾರ ಸಂಜೆ ಕೇಂದ್ರ ಸರ್ಕಾರ ಉಕ್ಕು ಮತ್ತು ಅದಿರಿನ ರಫ್ತಿನ ಮೇಲೆ ಸುಂಕ ಹಾಕಿತು. ಹಲವು ಬಗೆಯ ಉಕ್ಕಿಗೆ ಶೇ 15, ಅದಿರಿಗೆ ಶೇ 50ರವರೆಗೆ. ಸೋಮವಾರ ಪೇಟೆ ತೆರೆಯುತ್ತಿದ್ದಂತೆ ದೊಡ್ಡ ದೊಡ್ಡ ಉಕ್ಕಿನ ಷೇರುಗಳು ಒಂದೇ ದಿನದಲ್ಲಿ ಶೇ 10ಕ್ಕಿಂತ ಜಾಸ್ತಿ ಬಿದ್ದವು. ಶುಕ್ರವಾರ ಕವರ್ಡ್ ಕಾಲ್ ಮಾರಿ ಶೇ 2 ಪ್ರೀಮಿಯಂ ಪಡೆದವರಿಗೆ ಆ ಶೇ 2 ಎಲ್ಲಿಗೂ ಸಾಲಲಿಲ್ಲ. ಆ ಸುಂಕ ತೆಗೆದದ್ದು ನವೆಂಬರ್‌ನಲ್ಲಿ. ಹಾಗಾಗಿ ಕವರ್ಡ್ ಕಾಲ್ ಅಂದರೆ ವಿಮೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಲೆ ಬೀಳುವುದರಿಂದ ಕಾಪಾಡಲು ಪುಟ್ ಆಪ್ಷನ್ ಕೊಳ್ಳಬೇಕು, ಅದಕ್ಕೆ ನೀವೇ ಪ್ರೀಮಿಯಂ ಕಟ್ಟಬೇಕು.

ನನ್ನದೇ ಒಂದು ಅನುಭವ ಹೇಳುತ್ತೇನೆ. 2020ರ ಕೊನೆಯಲ್ಲಿ ನನ್ನ ಹತ್ತಿರವೂ ಒಂದು ಉಕ್ಕಿನ ಕಂಪನಿಯ ಒಂದು ಲಾಟ್ ಷೇರು ಇತ್ತು. ಕೋವಿಡ್ ಹೊಡೆತದಿಂದ ಪೇಟೆ ಚೇತರಿಸಿಕೊಂಡಿತ್ತು. ಇನ್ನು ಜಾಸ್ತಿ ಏರಲಾರದು ಎಂದು ಎಣಿಸಿ ಕಾಲ್ ಮಾರಿದೆ. ಷೇರು ಸ್ಟ್ರೈಕ್ ದಾಟಿತು. ಷೇರು ಬಿಡಲು ಮನಸ್ಸಾಗಲಿಲ್ಲ. ಆ ಕಾಲ್ ಅನ್ನು ನಷ್ಟದಲ್ಲಿ ವಾಪಸ್ ಕೊಂಡು, ಅಂದರೆ ಪೇಟೆಯಲ್ಲಿ ಅದೇ ಕಾಲ್ ಕೊಂಡು ಕೊಟ್ಟ ಮಾತಿನಿಂದ ಬಿಡಿಸಿಕೊಂಡು, ಮುಂದಿನ ತಿಂಗಳ ಇನ್ನೂ ಮೇಲಿನ ಸ್ಟ್ರೈಕ್ ಮಾರಿದೆ. ಇದಕ್ಕೆ ರೋಲ್ ಮಾಡುವುದು ಅನ್ನುತ್ತಾರೆ. ಅದೂ ದಾಟಿತು. ಮತ್ತೆ ರೋಲ್ ಮಾಡಿದೆ. ಪ್ರತಿ ಸಲವೂ ಕೈಯಿಂದ ನಿಜವಾದ ಹಣ ಹೋಗುತ್ತಿತ್ತು, ಷೇರಿನ ಲಾಭ ಬರೀ ಕಾಗದದ ಮೇಲೆ ಏರುತ್ತಿತ್ತು. ಮೂರನೇ ಸಲ ಸುಸ್ತಾಗಿ ಷೇರನ್ನೇ ಬಿಟ್ಟುಕೊಟ್ಟೆ. ಆಮೇಲೂ ತಿಂಗಳುಗಟ್ಟಲೆ ಏರಿತು. ನನಗೆ ನಷ್ಟವಾಗಲಿಲ್ಲ. ಕೊಂಡ ಬೆಲೆಗಿಂತ ಮೇಲೆಯೇ ಹೋಯಿತು. ಆದರೆ ಮನೆಯಲ್ಲಿ ಮಗನಿಗೆಂದು ಇಟ್ಟ ಷೇರು ಅದು. ಬಿಡಲು ಇಷ್ಟವಿಲ್ಲದ ಷೇರಿನ ಮೇಲೆ ಕಾಲ್ ಮಾರಬಾರದು ಅನ್ನುವುದನ್ನು ಅಂದಿನಿಂದ ಪಾಲಿಸುತ್ತಿದ್ದೇನೆ. ನಿಮ್ಮ ಪತ್ರ ಓದಿದಾಗ ಮೊದಲು ನೆನಪಾದದ್ದು ಅದೇ.

ನಮ್ಮಲ್ಲಿನ ನಿಯಮಗಳನ್ನು ಈಗ ಹೇಳಬೇಕು, ಯಾಕೆಂದರೆ ಮೊಬೈಲಿನಲ್ಲಿ ಸಿಗುವ ಎಷ್ಟೋ ವಿವರಣೆಗಳು ಅಮೆರಿಕದ ಪೇಟೆಯ ಮೇಲೆ ಮಾಡಿದವು. ಅಲ್ಲಿ ಒಂದು ಲಾಟ್ ಅಂದರೆ ಸಾಮಾನ್ಯವಾಗಿ 100 ಷೇರು. ಇಲ್ಲಿ ಕಂಪನಿಗೊಂದು ಲಾಟ್, ಅದರ ಮೌಲ್ಯ ಹಲವು ಲಕ್ಷ. ಎಲ್ಲ ಕಂಪನಿಗೂ ಆಪ್ಷನ್ ಇಲ್ಲ, ಪೇಟೆ ಆರಿಸಿದ ಕಂಪನಿಗಳಿಗೆ ಮಾತ್ರ. ಕಂಪನಿ ಷೇರಿನ ಆಪ್ಷನ್ನುಗಳು ತಿಂಗಳಿನವು, ವಾರದವು ಇಲ್ಲ. ಎನ್‌ಎಸ್‌ಇಯಲ್ಲಿ ಮೊದಲು ತಿಂಗಳ ಕೊನೆಯ ಗುರುವಾರ ಎಕ್ಸ್‌ಪೈರಿ ಇತ್ತು, 2025ರ ಸೆಪ್ಟೆಂಬರ್‌ನಿಂದ ಕೊನೆಯ ಮಂಗಳವಾರ. ಕೊಂಡವರು ಎಕ್ಸ್‌ಪೈರಿಯ ದಿನ ಮಾತ್ರ ಹಕ್ಕು ಚಲಾಯಿಸಬಹುದು. ಅಮೆರಿಕದಂತೆ ನಡುವೆ ಯಾವತ್ತೋ ಬಂದು "ಷೇರು ಕೊಡಿ" ಅನ್ನುವುದಿಲ್ಲ.

ಹಿಂದೆ ಎಕ್ಸ್‌ಪೈರಿಯಲ್ಲಿ ಬೆಲೆಯ ವ್ಯತ್ಯಾಸವನ್ನು ಹಣದಲ್ಲೇ ಚುಕ್ತಾ ಮಾಡುತ್ತಿದ್ದರು. 2018ರಿಂದ ಹಂತ ಹಂತವಾಗಿ ಬದಲಾಗಿ, 2019ರ ಅಕ್ಟೋಬರ್‌ನಿಂದ ಎಲ್ಲ ಕಂಪನಿ ಷೇರುಗಳಿಗೂ ನಿಜವಾಗಿ ಷೇರನ್ನೇ ಕೊಡಬೇಕು, ತೆಗೆದುಕೊಳ್ಳಬೇಕು. ಷೇರು 420 ದಾಟಿ ನಿಂತರೆ, ನೀವು ಕಾಲ್ ವಾಪಸ್ ಕೊಂಡಿರದಿದ್ದರೆ, ನಿಮ್ಮ ಡಿಮ್ಯಾಟ್‌ನಿಂದ 1,500 ಷೇರು ಹೋಗುತ್ತವೆ, 6,30,000 ರೂಪಾಯಿ ಬರುತ್ತದೆ. ಕಾಲ್ ಕೊಂಡವರ ಪಾಡು ಇದಕ್ಕಿಂತ ಕಷ್ಟ. 12,000 ಕೊಟ್ಟು ಕೊಂಡವರು ಎಕ್ಸ್‌ಪೈರಿಗೆ ಮೊದಲು ಮಾರಿ ಹೊರಬರದಿದ್ದರೆ ಆ 6,30,000 ರೂಪಾಯಿ ಅವರೇ ಹೊಂದಿಸಬೇಕು. ಎಷ್ಟೋ ಹುಡುಗರಿಗೆ ಇದು ಗೊತ್ತಾಗುವುದೇ ಕೊನೆಯ ವಾರ ಬ್ರೋಕರ್ ಮಾರ್ಜಿನ್, ಅಂದರೆ ಭದ್ರತೆಯ ಹಣ, ಕೇಳಿದಾಗ. ಅಕ್ಕನ ಮಗ ಕಾಲ್ ಕೊಳ್ಳುವ ಕೆಲಸವನ್ನೂ ಮಾಡುತ್ತಿದ್ದರೆ ಈ ಮಾತು ಅವನಿಗೂ ಹೇಳಿ. ಬೆಲೆ 428 ದಾಟುವವರೆಗೆ ಅವನಿಗೆ ಲಾಭವೂ ಇಲ್ಲ.

ಮಾರ್ಜಿನ್ ವಿಷಯ ನಿಮಗೂ ಬರುತ್ತದೆ. ಷೇರು ಕೈಯಲ್ಲಿದೆಯಲ್ಲ, ಇನ್ನೇನು ಬೇಕು ಅನ್ನಿಸಬಹುದು. ಆದರೆ ಡಿಮ್ಯಾಟ್‌ನಲ್ಲಿ ಷೇರು ಇದೆ ಅನ್ನುವ ಮಾತ್ರಕ್ಕೆ ಬ್ರೋಕರ್ ಕಾಲ್ ಮಾರಲು ಬಿಡುವುದಿಲ್ಲ. ಭದ್ರತೆಯ ಹಣ ಇಡಬೇಕು. ಷೇರುಗಳನ್ನೇ ಅಡ ಇಡಬಹುದು, ಒಟಿಪಿ ಕೊಟ್ಟರೆ ಆಗುತ್ತದೆ, ಷೇರು ನಿಮ್ಮ ಖಾತೆಯಲ್ಲೇ ಇರುತ್ತವೆ. ಆದರೆ ಅವುಗಳ ಪೂರ್ತಿ ಬೆಲೆ ಹಿಡಿಯುವುದಿಲ್ಲ, ಒಂದಿಷ್ಟು ಕಡಿತ ಮಾಡುತ್ತಾರೆ. ಮಾರ್ಜಿನ್ನಿನ ಅರ್ಧದಷ್ಟಾದರೂ ನಗದು ಅಥವಾ ನಗದಿಗೆ ಸಮನಾದದ್ದು ಇರಬೇಕು ಅನ್ನುವ ನಿಯಮವೂ ಇದೆ. ಷೇರು ಏರುತ್ತ ಹೋದಂತೆ ಮಾರ್ಜಿನ್ ಕೂಡ ಏರುತ್ತದೆ. ಸಾಲದಿದ್ದರೆ ಫೋನ್ ಬರುತ್ತದೆ, ಹಣ ಹಾಕದಿದ್ದರೆ ಬ್ರೋಕರ್ ತಾನೇ ಕಾಲ್ ವಾಪಸ್ ಕೊಂಡುಬಿಡಬಹುದು. ಅಂದರೆ ಈ "ಬಾಡಿಗೆ"ಗೆ ನೀವು ಷೇರಿನ ಜೊತೆ ಒಂದಷ್ಟು ಹಣವನ್ನೂ ಪಕ್ಕಕ್ಕೆ ಇಟ್ಟಿರಬೇಕು. ಎಕ್ಸ್‌ಪೈರಿಯಲ್ಲಿ ಷೇರು ಕೊಡಬೇಕಾಗಿ ಬಂದರೆ ಅಡ ಬಿಡಿಸುವ ಕ್ರಮ ಏನು ಎಂದು ಮೊದಲೇ ಕೇಳಿಕೊಳ್ಳಬೇಕು. ಸಮಯಕ್ಕೆ ಷೇರು ಮುಟ್ಟದಿದ್ದರೆ ಹರಾಜಿನಲ್ಲಿ ಕೊಂಡು ಕೊಡುತ್ತಾರೆ, ಆ ಖರ್ಚು ನಿಮ್ಮ ಮೇಲೆ ಬೀಳುತ್ತದೆ.

ಡಿವಿಡೆಂಡ್ ಬಂದರೆ ಅದು ನಿಮ್ಮದೇ, ಷೇರು ನಿಮ್ಮ ಹೆಸರಲ್ಲಿ ಇರುವವರೆಗೆ. ಬೋನಸ್ ಬಂದರೆ ಸ್ಟ್ರೈಕ್ ಮತ್ತು ಲಾಟ್ ಎರಡನ್ನೂ ಸರಿಹೊಂದಿಸುತ್ತಾರೆ. 2024ರ ಡಿಸೆಂಬರ್‌ನಲ್ಲಿ ಗಣಿ ಕಂಪನಿ ಎನ್‌ಎಂಡಿಸಿ ಒಂದು ಷೇರಿಗೆ ಎರಡು ಬೋನಸ್ ಕೊಟ್ಟಿತು. ಅಂಥ ಹೊತ್ತಿನಲ್ಲಿ ಸ್ಟ್ರೈಕ್ ಮೂರನೇ ಒಂದಕ್ಕೆ ಇಳಿಯುತ್ತದೆ, ಲಾಟ್ ಮೂರು ಪಟ್ಟಾಗುತ್ತದೆ. ಯಾರಿಗೂ ಲಾಭ ನಷ್ಟ ಇಲ್ಲ.

ತೆರಿಗೆ ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ. ಪಿತ್ರಾರ್ಜಿತವಾಗಿ ಅಥವಾ ಗಂಡನಿಂದ ಬಂದ ಷೇರಿಗೆ ಅವರು ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಕೊಂಡ ದಿನದಿಂದಲೇ ಅವಧಿ ಲೆಕ್ಕ. ನಿಮ್ಮ ಷೇರಿಗೆ ಅದು 110. ಕಾಲ್‌ನಿಂದಾಗಿ 1,500 ಷೇರು 420ಕ್ಕೆ ಹೋದರೆ ಷೇರಿಗೆ 310 ರೂಪಾಯಿ, ಒಟ್ಟು 4,65,000 ದೀರ್ಘಾವಧಿ ಲಾಭ ಒಂದೇ ವರ್ಷದಲ್ಲಿ ಬಂದಂತೆ. 1,25,000 ವಿನಾಯಿತಿ ಕಳೆದು ಉಳಿದ 3,40,000ಕ್ಕೆ ಶೇ 12.5ರಂತೆ 42,500 ತೆರಿಗೆ, ಸೆಸ್ ಬೇರೆ. 12,000 ಪ್ರೀಮಿಯಂ ಆಸೆಗೆ ಹೋದವರು ಅದರ ಮೂರೂವರೆ ಪಟ್ಟು ತೆರಿಗೆ ಕಟ್ಟಿದಂತೆ. ಯಾವತ್ತೋ ಮಾರಿದಾಗ ತೆರಿಗೆ ಬಂದೇ ಬರುತ್ತಿತ್ತು, ನಿಜ. ಆದರೆ ಯಾವ ವರ್ಷ, ಎಷ್ಟೆಷ್ಟು ಅನ್ನುವುದನ್ನು ನೀವು ತೀರ್ಮಾನಿಸಬೇಕು. ಕಾಲ್ ಮಾರಿದರೆ ಅದು ಕೊಂಡವರ ಕೈಗೆ ಹೋಗುತ್ತದೆ.

ಪ್ರೀಮಿಯಂನ ತೆರಿಗೆ ಬೇರೆ ಬಗೆಯದು. ಎಫ್ ಅಂಡ್ ಒ ಆದಾಯವನ್ನು ವ್ಯಾಪಾರದ ಆದಾಯ ಎಂದು ಹಿಡಿಯುತ್ತಾರೆ. ಪಿಂಚಣಿದಾರರು ಸುಲಭವಾಗಿ ತುಂಬುವ ಐಟಿಆರ್-1 ಆಗ ನಡೆಯುವುದಿಲ್ಲ, ಸಾಮಾನ್ಯವಾಗಿ ಐಟಿಆರ್-3 ತುಂಬಬೇಕು. ಕಾಲ್ ವಾಪಸ್ ಕೊಂಡು ನಷ್ಟವಾದರೆ ಅದನ್ನು ಪಿಂಚಣಿಯಲ್ಲಿ ಕಳೆಯಲು ಬರುವುದಿಲ್ಲ. ಲೆಕ್ಕಪತ್ರದವರ ಶುಲ್ಕ, ಬ್ರೋಕರೇಜ್, ಮಾರಾಟದ ಮೇಲಿನ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಇವೆಲ್ಲ ಆ 12,000ದಲ್ಲೇ ಮುರಿಯುತ್ತವೆ.

ಹಾಗಾದರೆ ಕವರ್ಡ್ ಕಾಲ್ ಯಾರಿಗೆ ಸರಿ? ಷೇರನ್ನು ಹೇಗೂ ಮಾರಬೇಕೆಂದಿರುವವರಿಗೆ. "420 ಬಂದರೆ ಕೊಟ್ಟುಬಿಡುತ್ತೇನೆ" ಎಂದು ಮನಸ್ಸು ಮಾಡಿದವರು ಸುಮ್ನೆ ಕಾಯುವ ಬದಲು, ಕಾಯುವುದಕ್ಕೂ 8 ರೂಪಾಯಿ ಪಡೆಯುತ್ತಾರೆ. ಅವರಿಗೆ ಷೇರು ಹೋದರೆ ಅದೇ ಗುರಿ ಮುಟ್ಟಿದಂತೆ. ಪೂರ್ತಿ ಲಾಟ್ ಇರಬೇಕು, ಜೊತೆಗೆ ಮಾರ್ಜಿನ್ ಹಣ ಇರಬೇಕು, ಎಕ್ಸ್‌ಪೈರಿ ವಾರ ಖಾತೆ ನೋಡುವ ವ್ಯವಧಾನ ಇರಬೇಕು. ಅಂಥವರನ್ನು ನಾನು ತಡೆಯುವುದಿಲ್ಲ. ಶಿಕಾಗೋದ ಅದೇ ಪೇಟೆ 2002ರಿಂದ ಒಂದು ಸೂಚ್ಯಂಕ ನಡೆಸುತ್ತಿದೆ. ದೊಡ್ಡ ಕಂಪನಿಗಳ ಷೇರು ಇಟ್ಟುಕೊಂಡು ತಿಂಗಳು ತಿಂಗಳು ಕಾಲ್ ಮಾರಿದರೆ ಏನಾಗುತ್ತದೆ ಎಂದು ಅದು ಅಳೆಯುತ್ತದೆ. ಏರಿಳಿತ ಕಡಿಮೆ, ಆದರೆ ಪೇಟೆ ಜೋರಾಗಿ ಏರುವ ವರ್ಷಗಳಲ್ಲಿ ಹಿಂದೆ ಬೀಳುತ್ತದೆ. ನಾನು ಹೇಳಿದ್ದೂ ಅದನ್ನೇ.

ನಿಮಗೆ ಬೇಕಾದದ್ದು ತಿಂಗಳಿಗೆ ಹತ್ತು ಸಾವಿರ. ಅದಕ್ಕೆ ನೇರ ದಾರಿಗಳಿವೆ. ನಿಮಗೆ 60 ದಾಟಿದೆ, ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಬರುತ್ತದೆ. ಬ್ಯಾಂಕಿನಲ್ಲಿ ಬೇರೆ ಠೇವಣಿ ಇದ್ದರೆ ಅದನ್ನು ಮೊದಲು ಇಲ್ಲಿಗೆ ಬದಲಾಯಿಸುವ ಬಗ್ಗೆ ಯೋಚಿಸಿ.

ಅದು ಸಾಲದಿದ್ದರೆ, ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಮಾತು ಹೇಳಲೇ? ವರ್ಷಕ್ಕೆ ಸ್ವಲ್ಪ ಸ್ವಲ್ಪ ಷೇರು ಮಾರುವುದು ಕಾಲ್ ಮಾರುವುದಕ್ಕಿಂತ ಎಷ್ಟೋ ಮೇಲು. 400ರ ಬೆಲೆಯಲ್ಲಿ ವರ್ಷಕ್ಕೆ 300 ಷೇರು ಮಾರಿದರೆ 1,20,000 ಬರುತ್ತದೆ, ಅಂದರೆ ತಿಂಗಳಿಗೆ ಹತ್ತು ಸಾವಿರ. ಲಾಭ 87,000. ಬೇರೆ ದೀರ್ಘಾವಧಿ ಲಾಭ ಇಲ್ಲದಿದ್ದರೆ 1,25,000 ವಿನಾಯಿತಿಯ ಒಳಗೇ ಇದೆ, ಒಂದು ರೂಪಾಯಿ ತೆರಿಗೆ ಇಲ್ಲ. ಬೆಲೆ ಏರಿದ ವರ್ಷ ಇನ್ನೂ ಕಡಿಮೆ ಷೇರು ಸಾಕು. ಉಳಿದ 1,700 ಷೇರಿನ ಏರಿಕೆ ಪೂರಾ ನಿಮ್ಮದೇ. ಷೇರು ಕರಗುತ್ತದೆ ಅನ್ನುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಷ್ಟು ಕರಗಬೇಕು ಅನ್ನುವುದನ್ನು ನೀವು ನಿರ್ಧರಿಸುತ್ತೀರಿ. ಯಜಮಾನರು ಇಟ್ಟುಹೋದದ್ದು ನಿಮ್ಮ ಮನೆಯ ಖರ್ಚಿಗೆ ಬಂದರೆ ಅವರಿಗೆ ಬೇಸರವಾಗುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. ನೆನಪಿಗೆ 500 ಷೇರು ಬದಿಗಿಟ್ಟು, ಉಳಿದದ್ದನ್ನು ಹೀಗೆ ಬಳಸಬಹುದು. ಹೇಗೂ ನಿಮ್ಮ ಸಂಪತ್ತಿನಲ್ಲಿ ಇಷ್ಟು ದೊಡ್ಡ ಪಾಲು ಒಂದೇ ಉಕ್ಕಿನ ಕಂಪನಿಯಲ್ಲಿ ಇರುವುದೂ ಒಳ್ಳೆಯದಲ್ಲ.

ಅಕ್ಕನ ಮಗನಿಗೆ ಇನ್ನೊಂದು ಅಂಕಿ ತೋರಿಸಿ. ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ ಮೂರು ವರ್ಷದಲ್ಲಿ ಎಫ್ ಅಂಡ್ ಒ ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿಗೆ ನಷ್ಟವಾಗಿದೆ, ತಲಾ ಸರಾಸರಿ ಸುಮಾರು 2 ಲಕ್ಷ. ಅವರೆಲ್ಲ ಕವರ್ಡ್ ಕಾಲ್ ಮಾಡಿದವರಲ್ಲ. ಆದರೆ ಒಂದು ಸಲ ಆ ಬಾಗಿಲು ತೆರೆದರೆ ಒಂದು ಲಾಟ್ ಎರಡಾಗುವುದು ಹೇಗೆ ಅನ್ನುವುದನ್ನು ನಿಮ್ಮ ಪತ್ರದಲ್ಲೇ ನೋಡಿದೆವಲ್ಲ.

ಅರ್ಜಿ ತುಂಬಿಸಿದ್ದಾನೆ ಎಂದಿದ್ದೀರಿ. ಇವತ್ತೇ ನಿಮ್ಮ ಬ್ರೋಕರ್‌ಗೆ ಫೋನ್ ಮಾಡಿ. ಎಫ್ ಅಂಡ್ ಒ ಚಾಲೂ ಆಗಿದೆಯಾ, ಆಗಿದ್ದರೆ ಅದನ್ನು ಬಂದ್ ಮಾಡಿ ಎಂದು ಹೇಳಿ, ಇಮೇಲ್‌ನಲ್ಲೂ ಬರೆಯಿರಿ. ಖಾತೆಯ ಪಾಸ್‌ವರ್ಡ್ ಅವನ ಹತ್ತಿರ ಇದ್ದರೆ ಬದಲಾಯಿಸಿ, ಒಟಿಪಿ ಬರುವ ನಂಬರ್ ನಿಮ್ಮದೇ ಇದೆಯಾ ನೋಡಿ. ಷೇರುಗಳನ್ನು ಈಗಾಗಲೇ ಅಡ ಇಟ್ಟಿದ್ದರೆ ಡಿಮ್ಯಾಟ್ ವಿವರದಲ್ಲಿ ಕಾಣುತ್ತದೆ. ಒಂದು ವೇಳೆ ಕಾಲ್ ಮಾರಿಯೇ ಬಿಟ್ಟಿದ್ದರೆ ಗಾಬರಿಯಾಗಬೇಡಿ. ಎರಡು ಲಾಟ್ ಇದ್ದರೆ ಒಂದನ್ನು ನಾಳೆ ಬೆಳಗ್ಗೆಯೇ ವಾಪಸ್ ಕೊಂಡುಬಿಡಿ. ಇನ್ನೊಂದನ್ನು ಏನು ಮಾಡಬೇಕು ಅನ್ನುವುದಕ್ಕೆ ಸ್ಟ್ರೈಕ್ ಎಷ್ಟು, ಎಕ್ಸ್‌ಪೈರಿ ಯಾವತ್ತು ಅನ್ನುವುದು ಬೇಕು. ಬ್ರೋಕರ್ ಕಳುಹಿಸುವ ವ್ಯವಹಾರದ ಚೀಟಿ, ಕಾಂಟ್ರಾಕ್ಟ್ ನೋಟ್ ನೋಡಿ ಅವೆರಡನ್ನೂ ಬರೆದು ಕಳುಹಿಸಿ.